ಆಟದ ದೋಣಿಗಳ ಕೊಳ

ಲಂಡನ್ ನಗರದ ಹೆಸರನ್ನು ಕೇಳಿದೊಡನೆ ನಮ್ಮ ವಾಚಕರ ಮನಸ್ಸಿನಲ್ಲಿ ಮೂಡುವ ಚಿತ್ರಗಳು ಸಾಮಾನ್ಯವಾಗಿ ಪಾರ್ಲಿಮೆಂಟಿನ ಗಡಿಯಾರದ ಗೋಪುರ, ಥೇಮ್ಸ್ ನದಿಯ ಸೇತುವೆಗಳು, ಅರಮನೆಯ ಮುಂದಣ ಪಹರೆ ಮೊದಲಾದವು. ಆ ಮಹಾನಗರದ ಪೂರ್ವಭಾಗದಲ್ಲಿ, ಒಂದು ಕಾಲಕ್ಕೆ ಹಡಗುಕಟ್ಟೆಗಳೂ ಕಾರ್ಖಾನೆಗಳೂ ತುಂಬಿದ್ದ ಪ್ರದೇಶದಲ್ಲಿ, ವಿಕ್ಟೋರಿಯಾ ಪಾರ್ಕೆಂಬ ಉದ್ಯಾನವೊಂದಿರುವುದನ್ನೂ, ಅದರೊಳಗಿನ ಕೊಳವೊಂದರಲ್ಲಿ ಮೊಳದುದ್ದದ ಆಗಬೋಟುಗಳು ನಿಜವಾದ ಉಗಿಯನ್ನುಗುಳುತ್ತ ದಡದಿಂದ ದಡಕ್ಕೆ ಸಂಚರಿಸುವುದನ್ನೂ ಬಲ್ಲವರು ವಿರಳ. ಈ ಹಡಗುಗಳಲ್ಲಿ ಕುಳಿತು ಹೋಗುವವರಿಲ್ಲ, ಸರಕಿಲ್ಲ, ಸೇರಬೇಕಾದ ಬಂದರೂ ಇಲ್ಲ. ಅವುಗಳ ನಾವಿಕರು ಕೈಯಲ್ಲೊಂದು ಎಣ್ಣೆಮೆತ್ತಿದ ಬಟ್ಟೆಯನ್ನು ಹಿಡಿದು ದಡದ ಮೇಲೆಯೇ ನಿಂತಿರುತ್ತಾರೆ. ಇಂತಹ ಕೊಳಗಳು ಹಳತಾದಾಗ ಅವುಗಳನ್ನು ಹೇಗೆ ಜೀರ್ಣೋದ್ಧಾರ ಮಾಡತಕ್ಕದ್ದು, ಯಾರಿಗಾಗಿ ಮಾಡತಕ್ಕದ್ದು ಎಂಬ ಪ್ರಶ್ನೆಯನ್ನೇ ಇಂದು ವಾಚಕರ ಮುಂದಿಡಲು ಬಯಸಿದ್ದೇವೆ.

ಕೊಳದ ದುರಸ್ತಿಯಂತಹ ಅಲ್ಪವಿಷಯವು ಈ ಪುಟದ ಚರ್ಚೆಗೆ ತಕ್ಕದ್ದೇ ಎಂದು ಕೆಲವರು ಮೂಗುಮುರಿಯಬಹುದು. ರಸ್ತೆ, ಚರಂಡಿ, ಕುಡಿಯುವ ನೀರು ಇವುಗಳ ಮುಂದೆ ಆಟದ ದೋಣಿ ಎಷ್ಟರದೆಂದು ಅವರು ಕೇಳುವುದೂ ಸಹಜವೇ. ಆದರೆ ರಸ್ತೆಯನ್ನೂ ಚರಂಡಿಯನ್ನೂ ಯಾವ ಪೌರಸಭೆಯಾದರೂ ಮಾಡಲೇಬೇಕು. ಮಾಡದಿದ್ದರೆ ಊರೇ ನಿಲ್ಲದು. ಯಾವುದರಿಂದ ಬೊಕ್ಕಸಕ್ಕೆ ಬಿಡಿಕಾಸೂ ಬಾರದೋ, ಯಾವುದನ್ನು ಕೈಬಿಟ್ಟರೆ ಮರುದಿನ ಯಾರೂ ಕಚೇರಿಯ ಬಾಗಿಲಲ್ಲಿ ಗಲಾಟೆ ಮಾಡುವುದಿಲ್ಲವೋ, ಅಂಥದನ್ನು ಒಂದು ಪೌರಸಭೆ ಹೇಗೆ ನಡೆಸಿಕೊಳ್ಳುತ್ತದೆಂಬುದರಿಂದಲೇ ಅದು ತನ್ನ ಪೌರನನ್ನು ಕೇವಲ ಕಂದಾಯ ಕೊಡುವವನೆಂದೆಣಿಸಿದೆಯೋ ಅಥವಾ ಮನುಷ್ಯನೆಂದೆಣಿಸಿದೆಯೋ ತಿಳಿಯುತ್ತದೆ. ಈ ದೃಷ್ಟಿಯಿಂದ ನೋಡಿದರೆ ಆಟದ ಕೊಳದ ದುರಸ್ತಿಯು ಆಡಳಿತದ ಒಂದು ಒರೆಗಲ್ಲೇ ಸರಿ.

ಮೊದಲು ಆ ಉದ್ಯಾನದ ಪೂರ್ವೋತ್ತರವನ್ನು ತಿಳಿಯುವುದು ಅವಶ್ಯ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಪೂರ್ವ ಲಂಡನ್ನು ಇಕ್ಕಟ್ಟು ಬೀದಿಗಳ, ಕೊಳಕು ನೀರಿನ, ಹೊಗೆಯ ಬೀಡಾಗಿತ್ತು. ೧೮೩೯ರಲ್ಲಿ ಪ್ರಕಟವಾದ ಜನನ ಮರಣಗಳ ಪ್ರಥಮ ವಾರ್ಷಿಕ ವರದಿಯು ಆ ಭಾಗದ ಮರಣಸಂಖ್ಯೆ ನಗರದ ಇತರ ಭಾಗಗಳಿಗಿಂತ ಎಷ್ಟು ಮಿಗಿಲೆಂಬುದನ್ನು ಎತ್ತಿ ತೋರಿಸಿತು. ಅಂಕಿಗಳು ಕಾಗದದ ಮೇಲೆಯೇ ಉಳಿಯಲಿಲ್ಲ. ೧೮೪೦ರಲ್ಲಿ ಅಲ್ಲಿನ ಸುಮಾರು ೩೦,೦೦೦ ನಿವಾಸಿಗಳು ಸಹಿಹಾಕಿ ತಮಗೊಂದು ಉದ್ಯಾನ ಬೇಕೆಂದು ರಾಣಿಗೆ ಬಿನ್ನವತ್ತಳೆಯನ್ನೊಪ್ಪಿಸಿದರು. ಮಾರನೆಯ ವರ್ಷವೇ ಕಾನೂನಾಯಿತು. ನಗರದ ಶ್ರೀಮಂತ ಭಾಗದಲ್ಲಿದ್ದ ಯಾರ್ಕ್ ಹೌಸೆಂಬ ಭವ್ಯ ಸೌಧದ ಹಕ್ಕನ್ನು ಡ್ಯೂಕನೊಬ್ಬನಿಗೆ ೭೨,೦೦೦ ಪೌಂಡಿಗೆ ವಿಕ್ರಯಿಸಿ ಬಂದ ಹಣದಿಂದ ಪೂರ್ವಭಾಗದ ಬಡವರಿಗಾಗಿ ನೆಲವನ್ನು ಕೊಂಡರು. ಜೇಮ್ಸ್ ಪೆನ್ನೆಥಾರ್ನ್ ಎಂಬ ಶಿಲ್ಪಿಯು ನಕ್ಷೆಯನ್ನು ಸಿದ್ಧಪಡಿಸಿದನು. ೧೮೪೫ರಲ್ಲಿ ಉದ್ಯಾನವು ಜನರಿಗೆ ತೆರೆಯಿತು. ಅದರ ವಿಸ್ತಾರ ೨೦೦ ಎಕರೆಗೂ ಮಿಕ್ಕಿದ್ದು. ಅರಸನೊಬ್ಬನು ಪ್ರಜೆಗಳಿಗೆ ದಯಪಾಲಿಸಿದ ಬೇಟೆಯ ಕಾಡಲ್ಲ ಅದು. ಪ್ರಜೆಗಳು ಕೇಳಿ ಪಡೆದ ನೆಲ. ಜನರು ಅದನ್ನು 'ಪ್ರಜೆಗಳ ಉದ್ಯಾನ'ವೆಂದು ಕರೆದುದರಲ್ಲಿ ಅತಿಶಯೋಕ್ತಿಯಿಲ್ಲ.

ಕೇಳಿ ಪಡೆದ ನೆಲದಲ್ಲಿ ಜನರು ಸುಮ್ಮನೆ ಗಾಳಿ ಸೇವಿಸುತ್ತ ಕುಳಿತಿರಲಿಲ್ಲ. ೧೮೪೮ರಲ್ಲಿ ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಚಾರ್ಟಿಸ್ಟರು ಅಲ್ಲಿ ಸಭೆಸೇರಿದರು. ಮುಂದೆ ವಿಲಿಯಂ ಮಾರಿಸ್ಸನೂ ಆನಿ ಬೆಸೆಂಟರೂ ಅಲ್ಲಿನ ಮರದಡಿಗಳಲ್ಲಿ ನಿಂತು ಸಹಸ್ರಾರು ಕಾರ್ಮಿಕರನ್ನುದ್ದೇಶಿಸಿ ಭಾಷಣ ಮಾಡಿದರು. ೧೯೧೭ರಲ್ಲಿ ನಮ್ಮ ಕಾಂಗ್ರೆಸ್ಸಿನ ಅಧ್ಯಕ್ಷ ಪೀಠವನ್ನಲಂಕರಿಸಿದ ಆ ಮಹಿಳೆಯ ವಾಗ್ವೈಖರಿ ಪಳಗಿದ ಸ್ಥಳಗಳಲ್ಲಿ ಈ ಉದ್ಯಾನವೂ ಒಂದೆಂಬುದನ್ನು ಇಲ್ಲಿ ಸ್ಮರಿಸಬಹುದು. ೧೯೩೧ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋದ ಮಹಾತ್ಮಾ ಗಾಂಧಿಯವರು ನಗರದ ದೊಡ್ಡ ಹೋಟೆಲುಗಳನ್ನು ಬಿಟ್ಟು ಇಳಿದುಕೊಂಡದ್ದೂ ಈ ಪೂರ್ವಭಾಗದಲ್ಲಿಯೇ. ಉದ್ಯಾನದಿಂದ ಒಂದೆರಡು ಮೈಲಿಯೊಳಗಿನ ಬೋ ಎಂಬಲ್ಲಿಯ ಕಿಂಗ್ಸ್‌ಲಿ ಹಾಲಿನಲ್ಲಿ. ಆ ವರ್ಷದ ಅಕ್ಟೋಬರ್ ೨ರಂದು ನೆರೆಹೊರೆಯ ಮಕ್ಕಳು ಅವರ ಜನ್ಮದಿನಕ್ಕೆಂದು ಉಣ್ಣೆಯ ನಾಯಿಗೊಂಬೆಗಳನ್ನೂ ಇತರ ಸಣ್ಣಪುಟ್ಟ ವಸ್ತುಗಳನ್ನೂ ಕಾಣಿಕೆಯಾಗಿತ್ತರು. ಆಟದ ಸಾಮಾನೇ ಅವರ ಪಾಲಿನ ಐಶ್ವರ್ಯವಾಗಿದ್ದಿತು, ಅದನ್ನೇ ಕೊಟ್ಟರು. ದುಡಿಯುವವರ ಬೀದಿಗಳಲ್ಲಿ ಆಟವೆಂಬುದು ಎಷ್ಟು ಬೆಲೆಬಾಳುವ ವಸ್ತುವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಇಂತಹ ನೆಲದಲ್ಲಿ ೧೯೦೪ರಲ್ಲಿ 'ವಿಕ್ಟೋರಿಯಾ ಮಾಡೆಲ್ ಸ್ಟೀಮ್ ಬೋಟ್ ಕ್ಲಬ್' ಎಂಬ ಸಂಘವು ಹುಟ್ಟಿತು. ಪ್ರಪಂಚದಲ್ಲಿ ಈಗಲೂ ನಡೆಯುತ್ತಿರುವ ಇಂತಹ ಸಂಘಗಳ ಪೈಕಿ ಅತ್ಯಂತ ಹಳೆಯವುಗಳಲ್ಲಿ ಅದೂ ಒಂದು. ಅಂಗಡಿಯಲ್ಲಿ ಕೊಂಡುತಂದ ಆಟಿಕೆಯನ್ನು ನೀರಿಗೆ ಬಿಡುವುದಷ್ಟೇ ಈ ಹವ್ಯಾಸದ ಸ್ವರೂಪವೆಂದು ತಿಳಿಯಬಾರದು. ತಾಮ್ರದ ತಗಡನ್ನು ಬಾಗಿಸಿ ಬೆಸೆದು ಬೋಗುಣಿಗಿಂತ ಚಿಕ್ಕದಾದ ಬಾಯ್ಲರನ್ನು ಕಟ್ಟಬೇಕು. ಹಿತ್ತಾಳೆಯ ಕೊಳವೆಯನ್ನು ಕಡೆದು ಸಿಲಿಂಡರನ್ನೂ ಕೊಂತವನ್ನೂ ಕೂದಲೆಳೆಯ ಅಂತರದಲ್ಲಿ ಹೊಂದಿಸಬೇಕು. ಮರದ ತೆಳ್ಳನೆಯ ಪಟ್ಟಿಗಳನ್ನು ಪಕ್ಕೆಲುಬುಗಳ ಮೇಲೆ ಜೋಡಿಸಿ ಒಡಲನ್ನು ಸಿದ್ಧಗೊಳಿಸಬೇಕು. ಸ್ಪಿರಿಟಿನ ದೀಪವನ್ನೋ ಅನಿಲವನ್ನೋ ಕಲ್ಲಿದ್ದಲನ್ನೋ ಉರಿಸಿದರೆ ನೀರು ಕಾದು ಉಗಿಯಾಗಿ ಕೊಂತವನ್ನು ತಳ್ಳುತ್ತದೆ. ಹಿಂದಿನ ತಿರುಪುಚಕ್ರ ತಿರುಗುತ್ತದೆ. ಬಾಯ್ಲರು ಸಿಡಿದರೆ ಅದು ಆಟವಾಗಿ ಉಳಿಯದು. ಆದುದರಿಂದ ಸಂಘಗಳು ಪ್ರತಿಯೊಂದು ಬಾಯ್ಲರನ್ನೂ ನೀರಿನ ಒತ್ತಡದಿಂದ ಪರೀಕ್ಷಿಸಿ ಪ್ರಮಾಣಪತ್ರವನ್ನು ಕೊಟ್ಟ ಮೇಲೆಯೇ ಅದನ್ನು ಕೊಳಕ್ಕಿಳಿಸಲು ಬಿಡುತ್ತವೆ. ಇದು ಒಂದು ಕಮ್ಮಟವೇ ಹೊರತು ಕಾಲಹರಣವಲ್ಲ.

ಈ ಸಂಘಗಳಲ್ಲಿ ನಡೆದುಬಂದಿರುವ ಹಳೆಯ ಪಂದ್ಯವೊಂದನ್ನು ವಿವರಿಸಿದರೆ ಕೊಳದ ದುರಸ್ತಿಗೂ ಅವರಿಗೂ ಇರುವ ಸಂಬಂಧ ಸ್ಪಷ್ಟವಾಗುವುದು. ಈ ಪಂದ್ಯದಲ್ಲಿ ದೋಣಿಗೆ ರೇಡಿಯೋ ಇಲ್ಲ, ಹಗ್ಗವಿಲ್ಲ, ಸವಾರನಿಲ್ಲ. ಎದುರು ದಡದಲ್ಲಿ ಕಂಬಗಳನ್ನು ನೆಟ್ಟು ಗುರಿಯನ್ನು ಗೊತ್ತುಮಾಡಿರುತ್ತಾರೆ. ಈಚೆಯ ದಡದಲ್ಲಿ ಮೊಣಕಾಲೂರಿ ಕುಳಿತ ಯಜಮಾನನು ಗಾಳಿಯ ದಿಕ್ಕನ್ನೂ ನೀರಿನ ಅಲುಗಾಟವನ್ನೂ ನೋಡಿ, ಚುಕ್ಕಾಣಿಯನ್ನು ನೂಲಿನಷ್ಟು ತಿರುಗಿಸಿ, ದೋಣಿಯನ್ನು ನೇರವಾಗಿ ಗುರಿಯತ್ತ ಹಿಡಿದು ಕೈಬಿಡುತ್ತಾನೆ. ಒಮ್ಮೆ ಕೈಬಿಟ್ಟಿತೆಂದರೆ ಮುಗಿಯಿತು. ಬಾಣ ಬಿಲ್ಲನ್ನು ಬಿಟ್ಟಂತೆ. ನಟ್ಟನಡುವಿನ ಕಂಬಗಳ ಮಧ್ಯೆ ಹಾದುಹೋದರೆ ಹೆಚ್ಚಿನ ಅಂಕ. ಪಕ್ಕದ ಸಂದಿಯಲ್ಲಿ ಹೋದರೆ ಕಡಮೆ. ಅದರಾಚೆಗೆ ಹೋದರೆ ಸೊನ್ನೆ. ಆಚೆಯ ದಡದಲ್ಲಿ ಜತೆಗಾರನೊಬ್ಬನು ಬಾಗಿ ನಿಂತು ದೋಣಿಯ ಮೂತಿ ಕಲ್ಲಿಗೆ ಬಡಿಯುವ ಮುನ್ನ ಅದನ್ನು ಹಿಡಿಯಬೇಕು. ತಿಂಗಳುಗಟ್ಟಲೆ ದುಡಿದು ಕಟ್ಟಿದ ಹಡಗಿನ ಯೋಗ್ಯತೆ ನಿಮಿಷದೊಳಗೆ ನಿರ್ಧಾರವಾಗುತ್ತದೆ.

ಇದಕ್ಕೆ ಬೇಕಾದುದೇನು? ಇಳಿಜಾರಿಲ್ಲದೆ ನೆಟ್ಟಗೆ ನಿಂತ ಗಟ್ಟಿಯಾದ ಅಂಚು. ಆ ಅಂಚಿನ ಮೇಲೆ ಮೊಣಕಾಲೂರಲು ಸಮವಾದ ನೆಲ. ಅಂಚಿನಿಂದ ಕೈಗೆಟಕುವ ಮಟ್ಟದಲ್ಲಿ ನೀರು. ಎರಡು ದಡಗಳ ನಡುವೆ ಜೊಂಡಾಗಲಿ ಕಳೆಯಾಗಲಿ ಇಲ್ಲದ ಬಯಲು. ಹಾಯಿದೋಣಿಗಳಿಗೆ ಇನ್ನೂ ಒಂದು ವಿಶೇಷವಿದೆ: ಆಳ. ಇಂದು ದೇಶದೇಶಗಳಲ್ಲಿ ಪ್ರಚಾರದಲ್ಲಿರುವ 'ಒಂದು ಮೀಟರ್' ವರ್ಗದ ಹಾಯಿದೋಣಿಯ ಒಡಲು ನೂರು ಸೆಂಟಿಮೀಟರನ್ನು ಮೀರುವಂತಿಲ್ಲವಾದರೂ, ಅದರ ಕೆಳಗೆ ಸೀಸದ ಗುಂಡನ್ನು ಹೊತ್ತ ಅಲಗು ನೀರಿನೊಳಗೆ ನಲವತ್ತೆರಡು ಸೆಂಟಿಮೀಟರಿನ ವರೆಗೂ ಇಳಿದಿರಬಹುದು. ಅಮೆರಿಕದ ಮಾರ್ಬಲ್‌ಹೆಡ್ ಎಂಬ ಊರಿನ ಹೆಸರನ್ನು ಹೊತ್ತು ೧೯೩೦ರ ಸುಮಾರಿಗೆ ಹುಟ್ಟಿದ ವರ್ಗದ ದೋಣಿಗಳಿಗೆ ಅದಕ್ಕೂ ಹೆಚ್ಚಿನ ಆಳ ಬೇಕು. ಕೊಳದಲ್ಲಿ ಒಂದು ಗೇಣು ಹೂಳು ಕೂತರೆ ನೋಡುವವರ ಕಣ್ಣಿಗೆ ನೀರು ಮೊದಲಿನಂತೆಯೇ ಹೊಳೆಯುತ್ತಿರುತ್ತದೆ. ಆದರೆ ಹಾಯಿದೋಣಿಗೆ ಅದು ಸತ್ತ ಕೊಳ.

ಹೂಳು ಕೂರದೆ ಇರುವುದಿಲ್ಲ. ನದಿಯು ತನ್ನ ಕೊಳೆಯನ್ನು ತಾನೇ ತೊಳೆದುಕೊಂಡು ಹೋಗುತ್ತದೆ; ಉದ್ಯಾನದ ಕೊಳಕ್ಕೆ ಆ ಭಾಗ್ಯವಿಲ್ಲ. ಶರದೃತುವಿನಲ್ಲಿ ಸುತ್ತಲಿನ ಮರಗಳೆಲ್ಲವೂ ತಮ್ಮ ಎಲೆಗಳನ್ನು ಅದಕ್ಕೇ ಸುರಿಯುತ್ತವೆ. ಬಾತುಗಳೂ ಹಂಸಗಳೂ ತಮ್ಮ ಪಾಲನ್ನು ಸೇರಿಸುತ್ತವೆ. ಜನರು ಪುಣ್ಯವೆಂದು ಬಗೆದು ಎಸೆಯುವ ರೊಟ್ಟಿಯ ಚೂರುಗಳಲ್ಲಿ ಹಕ್ಕಿಗಳು ತಿಂದು ಉಳಿದದ್ದು ತಳಕ್ಕಿಳಿದು ಕೊಳೆಯುತ್ತದೆ. ಬೇಸಗೆಯಲ್ಲಿ ತಗ್ಗಿದ ನೀರನ್ನು ತುಂಬಲು ನಲ್ಲಿಯನ್ನು ತಿರುಗಿಸಿದರೆ ಅದರಿಂದಲೂ ಒಂದು ತೊಡಕು; ಹಳೆಯ ಸೀಸದ ಕೊಳವೆಗಳಿಂದ ವಿಷ ಕರಗದಿರಲೆಂದು ಇಂಗ್ಲೆಂಡಿನಲ್ಲಿ ಕುಡಿಯುವ ನೀರಿಗೆ ಬೆರೆಸುವ ಫಾಸ್ಫೇಟು ಕೊಳಕ್ಕೆ ಬಂದು ಪಾಚಿಗೆ ಗೊಬ್ಬರವಾಗುತ್ತದೆ. ನೀಲಿಹಸಿರು ಪಾಚಿಯೆಂಬ ಜಾತಿಯದು ಹಬ್ಬಿತೆಂದರೆ ಅದರ ವಿಷದಿಂದ ನಾಯಿಗಳು ಸತ್ತಿರುವುದೂ ಉಂಟು, ಮನುಷ್ಯರ ಚರ್ಮಕ್ಕೂ ಅಪಾಯ. ನೀರನ್ನು ಹಿಡಿದಿಡಲು ಹಿಂದಿನವರು ತಳಕ್ಕೆ ತುಳಿದು ಮೆತ್ತಿದ ಜೇಡಿಯು ಮರದ ಬೇರಿನಿಂದಲೋ ಒಣಗಿ ಬಿರಿದೋ ಸೋರತೊಡಗುತ್ತದೆ. ಕೆರೆಯ ಏರಿಗೆ ಜೇಡಿಯನ್ನು ತುಳಿಸಿದ ನಮ್ಮ ಹಳ್ಳಿಯ ಹಿರಿಯರಿಗೆ ಈ ಮಾತನ್ನು ಯಾರೂ ವಿವರಿಸಬೇಕಾಗಿಲ್ಲ. ಹೀಗೆ ಮೂವತ್ತು ನಲವತ್ತು ವರ್ಷಗಳಿಗೊಮ್ಮೆಯಾದರೂ ಕೊಳವನ್ನು ಬರಿದುಮಾಡಿ, ಹೂಳೆತ್ತಿ, ತಳವನ್ನು ಬಲಪಡಿಸಿ, ಅಂಚನ್ನು ಕಟ್ಟದಿದ್ದರೆ ಅದು ಕ್ರಮವಾಗಿ ಕೆಸರಾಗಿ, ಕೊನೆಗೆ ಹುಲ್ಲುಗಾವಲಾಗುತ್ತದೆ.

ವಿಕ್ಟೋರಿಯಾ ಪಾರ್ಕಿಗೂ ಜೀರ್ಣಾವಸ್ಥೆ ತಪ್ಪಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಲ್ಲಿ ವಿಮಾನನಾಶಕ ತೋಪುಗಳನ್ನು ಹೂಡಿದರು. ಕಬ್ಬಿಣಕ್ಕಾಗಿ ಬೇಲಿಗಳನ್ನು ಕಿತ್ತರು. ಶತ್ರುವಿನ ಬಾಂಬುಗಳೂ ಬಿದ್ದವು. ಪಶ್ಚಿಮದ ಸರೋವರದ ನಡುಗಡ್ಡೆಯಲ್ಲಿ ೧೮೪೦ರ ದಶಕದಿಂದ ನಿಂತಿದ್ದ ಚೀನೀ ಮಂಟಪವು ಶಿಥಿಲವಾಗಿ ೧೯೫೦ರ ದಶಕದಲ್ಲಿ ನೆಲಸಮವಾಯಿತು. ೧೯೮೬ರಲ್ಲಿ ಲಂಡನ್ನಿನ ಮಹಾಸಭೆಯನ್ನೇ ರದ್ದುಗೊಳಿಸಿದ ಮೇಲೆ ಉದ್ಯಾನದ ಭಾರವು ಸ್ಥಳೀಯ ಪೌರಸಭೆಗಳ ಹೆಗಲಿಗೆ ಬಿದ್ದಿತು. ಕಡೆಗೆ ೨೦೧೨ರ ಒಲಿಂಪಿಕ್ ಕ್ರೀಡೆಗಳ ವೇಳೆಗೆ, ಸುಮಾರು ೧ ಕೋಟಿ ೨೦ ಲಕ್ಷ ಪೌಂಡುಗಳ ವೆಚ್ಚದಲ್ಲಿ ಉದ್ಯಾನದ ಜೀರ್ಣೋದ್ಧಾರ ನಡೆಯಿತು. ನಡುಗಡ್ಡೆಯ ಮಂಟಪವೂ ಅದರ ಸೇತುವೆಯೂ ಮರಳಿ ಎದ್ದವು. ೧೮೬೨ರಲ್ಲಿ ಏಂಜೆಲಾ ಬರ್ಡೆಟ್ ಕೂಟ್ಸ್ ಎಂಬ ಉದಾರ ಮಹಿಳೆ ಕಟ್ಟಿಸಿಕೊಟ್ಟ ಕುಡಿಯುವ ನೀರಿನ ಬೃಹತ್ ಕಾರಂಜಿ ಹೊಸ ಕಳೆಯನ್ನು ಪಡೆಯಿತು. ವೆಚ್ಚದ ಒಂದು ದೊಡ್ಡ ಪಾಲು ಬಂದದ್ದು ರಾಷ್ಟ್ರೀಯ ಲಾಟರಿಯ ಹಣದಿಂದ. ಲಾಟರಿಯ ಗುಣದೋಷಗಳ ವಿಚಾರ ಬೇರೆ. ಆದರೆ ಅದರ ಚೀಟಿಯನ್ನು ಕೊಳ್ಳುವವರಲ್ಲಿ ಅಲ್ಪವರಮಾನದವರೂ ಬಹಳವಿರುವುದರಿಂದ, ಬಡವನ ಜೇಬಿನಿಂದ ಹೋದ ಹಣದಲ್ಲಿ ಒಂದಂಶವಾದರೂ ಬಡವನ ಉದ್ಯಾನಕ್ಕೇ ಹಿಂದಿರುಗಿತೆಂದು ಸಮಾಧಾನ ಪಡಬಹುದು.

ಹಣ ದೊರೆತ ಮಾತ್ರಕ್ಕೆ ತೊಡಕು ತೀರುವುದಿಲ್ಲ. ಹಣ ದೊರೆತಾಗಲೇ ನಿಜವಾದ ತೊಡಕು ಪ್ರಾರಂಭವಾಗುವುದು. ಕೊಳ ಕೆಟ್ಟಿರುವಷ್ಟು ಕಾಲ ಎಲ್ಲರೂ ಒಂದೇ ಬಾಯಿಂದ ದೂರುತ್ತಾರೆ. ನೀರನ್ನು ಬಸಿದೊಡನೆ ಅದರ ಬರಿಯ ತಳವನ್ನು ನೋಡಿ ಒಬ್ಬೊಬ್ಬರಿಗೆ ಒಂದೊಂದು ಕೊಳ ಕಾಣಿಸುತ್ತದೆ. ಪಕ್ಷಿಪ್ರಿಯರು ಅಂಚಿನ ಕಲ್ಲನ್ನು ಕಿತ್ತು ಇಳಿಜಾರು ಮಾಡಿ ಜೊಂಡನ್ನು ನೆಡಿರೆನ್ನುತ್ತಾರೆ. ಹಕ್ಕಿ ಗೂಡುಕಟ್ಟುವುದು ಕಲ್ಲಿನಲ್ಲಲ್ಲ, ಜೊಂಡಿನಲ್ಲಿ. ತಾಯಂದಿರು ಬೇಲಿ ಹಾಕಿರೆನ್ನುತ್ತಾರೆ; ಅವರ ಭಯ ನ್ಯಾಯವಾದುದು. ಗಾಳದವರು ಆಳವಾದ ನೀರನ್ನೂ ಮರದ ನೆರಳನ್ನೂ ಬಯಸುತ್ತಾರೆ. ಅಧಿಕಾರಿಗಳು ಮುಂದಿನ ಇಪ್ಪತ್ತು ವರ್ಷ ಖರ್ಚು ತಾರದ ಕೊಳವನ್ನು ಬಯಸುತ್ತಾರೆ. ದೋಣಿಯವರಿಗೆ ಬೇಕಾದದ್ದು ಬೋಳಾದ ಕಲ್ಲಿನಂಚು, ಬೋಳಾದ ನೀರು. ಇವರಲ್ಲಿ ಯಾರೂ ಅನ್ಯಾಯವಾದುದನ್ನು ಕೇಳುತ್ತಿಲ್ಲ. ಆದರೆ ಒಂದು ಕೊಳದಲ್ಲಿ ಇವೆಲ್ಲವನ್ನೂ ತುರುಕಿದರೆ ಯಾರಿಗೂ ಬೇಡವಾದ ಒಂದು ಹೊಂಡ ಉಳಿಯುತ್ತದೆ. ಅಂಚಿನಲ್ಲಿ ನಾಲ್ಕಡಿ ಅಗಲಕ್ಕೆ ಜೊಂಡನ್ನು ನೆಟ್ಟರೆ ಮೊಣಕಾಲೂರಿ ದೋಣಿಬಿಡುವವನಿಗೆ ಕೊಳ ಮುಚ್ಚಿಹೋದಂತೆಯೇ. ನಕ್ಷೆಯಲ್ಲಿ ಅದು ಹಸಿರು ಬಣ್ಣದ ಒಂದು ಸಣ್ಣ ಗೆರೆ. ನಕ್ಷೆ ಬರೆದವನಿಗೆ ತಾನು ಒಂದು ಸಂಘವನ್ನೇ ಹೊರಗಟ್ಟಿದೆನೆಂದು ತಿಳಿದೇ ಇರುವುದಿಲ್ಲ.

ಈ ಬಿಕ್ಕಟ್ಟನ್ನು ಬಿಡಿಸುವ ಬಗೆ ಹೇಗೆಂಬುದಕ್ಕೆ ಅಟ್ಲಾಂಟಿಕ್ ಸಾಗರದಾಚೆಯ ನ್ಯೂಯಾರ್ಕ್ ನಗರದಲ್ಲಿ ಒಳ್ಳೆಯ ನಿದರ್ಶನವಿದೆ. ಅಲ್ಲಿನ ಸೆಂಟ್ರಲ್ ಪಾರ್ಕಿನಲ್ಲಿ ಎರಡು ನೀರುಗಳನ್ನು ಹೋಲಿಸಿ ನೋಡಬೇಕು. ಉತ್ತರದ ತುದಿಯಲ್ಲಿರುವ ಹಾರ್ಲೆಮ್ ಮಿಯರ್ ಎಂಬ ಸರೋವರಕ್ಕೆ ೧೯೪೦ರ ದಶಕದಲ್ಲಿ ಸುತ್ತಲೂ ಕಾಂಕ್ರೀಟಿನ ಅಂಚನ್ನು ಕಟ್ಟಿಸಿದ್ದರು. ಕ್ರಮೇಣ ಅದು ಹೂಳಿನಿಂದಲೂ ಕಸದಿಂದಲೂ ತುಂಬಿ ಜನರು ಹತ್ತಿರ ಸುಳಿಯಲು ಹೆದರುವ ತಾಣವಾಯಿತು. ಉದ್ಯಾನದ ಪುನರುಜ್ಜೀವನಕ್ಕೆಂದು ೧೯೮೦ರಲ್ಲಿ ಸ್ಥಾಪಿತವಾದ ಸಂಸ್ಥೆಯು ಆ ಸರೋವರವನ್ನು ಬರಿದುಮಾಡಿ ಹೂಳೆತ್ತಿಸಿ, ಕಾಂಕ್ರೀಟಿನ ಅಂಚನ್ನು ಕಿತ್ತುಹಾಕಿ, ಗಿಡಗಂಟೆಗಳಿಂದ ಕೂಡಿದ ಸಹಜವಾದ ದಡವನ್ನು ಮಾಡಿಸಿ ೧೯೯೩ರಲ್ಲಿ ಕೆಲಸವನ್ನು ಮುಗಿಸಿತು. ಇಂದು ಅಲ್ಲಿ ಮಕ್ಕಳು ಗಾಳಹಾಕಿ ಮೀನನ್ನು ಹಿಡಿದು ಮತ್ತೆ ನೀರಿಗೆ ಬಿಡುತ್ತಾರೆ.

ಅದೇ ಉದ್ಯಾನದ ಪೂರ್ವದ ಅಂಚಿನಲ್ಲಿರುವ 'ಕನ್ಸರ್ವೇಟರಿ ವಾಟರ್' ಎಂಬ ಕೊಳದ ಕಥೆಯೇ ಬೇರೆ. ೧೮೫೮ರ ಮೂಲ ಯೋಜನೆಯಲ್ಲಿ ಅಲ್ಲೊಂದು ಗಾಜಿನ ಸಸ್ಯಗೃಹವು ಏಳಬೇಕಾಗಿತ್ತು. ಅದರ ನೆರಳು ಬೀಳಲೆಂದು ಕೊಳ. ಹಣ ಸಾಲದೆ ಸಸ್ಯಗೃಹವು ಏಳಲೇ ಇಲ್ಲ. ಕೊಳ ಮಾತ್ರ ಉಳಿಯಿತು, ಹೆಸರೂ ಉಳಿಯಿತು. ಪ್ಯಾರಿಸ್ಸಿನ ಉದ್ಯಾನಗಳಲ್ಲಿನ ಪದ್ಧತಿಯಂತೆ ಜನರು ಅದರಲ್ಲಿ ಆಟದ ದೋಣಿಗಳನ್ನು ಬಿಡತೊಡಗಿದರು. ೧೯೧೬ರಲ್ಲಿ ಅವರದೊಂದು ಸಂಘ ಹುಟ್ಟಿತು. ೧೯೫೪ರಲ್ಲಿ ದಡದ ಮೇಲೆ ದೋಣಿಮನೆಯೊಂದು ಎದ್ದಿತು. ಶ್ರೀಮಂತರ ಅಲಂಕಾರಕ್ಕೆಂದು ಯೋಚಿಸಿದ್ದು ವಿಫಲವಾಗಿ, ದಾರಿಹೋಕರ ಆಟದಿಂದ ಸಫಲವಾಯಿತು. ಆ ಕೊಳದ ಕಲ್ಲಿನಂಚನ್ನು ಯಾರೂ ಕೀಳಲಿಲ್ಲ, ಜೊಂಡನ್ನು ನೆಡಲಿಲ್ಲ. ಒಂದೇ ಉದ್ಯಾನದಲ್ಲಿ, ಒಂದೇ ಸಂಸ್ಥೆಯ ಪಾಲನೆಯಲ್ಲಿ, ಒಂದು ನೀರಿನ ಗಟ್ಟಿ ಅಂಚು ಹೋಯಿತು, ಇನ್ನೊಂದರದು ಉಳಿಯಿತು. ಎರಡೂ ಸರಿಯೇ. ಯಾಕೆಂದರೆ ಅಂಚು ಹೇಗಿರಬೇಕೆಂಬುದನ್ನು ನಿರ್ಧರಿಸಿದ್ದು ಆಯಾ ನೀರಿನ ಬಳಕೆ. ಯಾವುದೋ ಒಂದು ಸಿದ್ಧಾಂತವಲ್ಲ.

ಇನ್ನೂ ಪಶ್ಚಿಮಕ್ಕೆ, ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ, ಈ ತತ್ತ್ವವನ್ನು ಆರಂಭದಲ್ಲಿಯೇ ಅಂಗೀಕರಿಸಿದ್ದರು. ಅಲ್ಲಿನ ಹವ್ಯಾಸಿಗಳು ೧೮೯೮ರಲ್ಲಿ ಸಂಘವನ್ನು ಕಟ್ಟಿಕೊಂಡು ಗೋಲ್ಡನ್ ಗೇಟ್ ಪಾರ್ಕಿನ ದೊಡ್ಡ ಸರೋವರದಲ್ಲಿ ತಮ್ಮ ಹಾಯಿಗಳನ್ನು ಬಿಡುತ್ತಿದ್ದರು. ಜನರು ಕುಳಿತು ಹುಟ್ಟುಹಾಕುವ ದೋಣಿಗಳಿರುವ ನೀರಿನಲ್ಲಿ ಮೊಳದುದ್ದದ ಹಡಗಿಗೆ ಸುಖವಿಲ್ಲವಷ್ಟೆ. ನಗರದವರು ಅವರಿಗಾಗಿಯೇ ಸ್ಪ್ರೆಕಲ್ಸ್ ಎಂಬ ಬೇರೊಂದು ಸರೋವರವನ್ನು ತೋಡಿಸಿ ೧೯೦೪ರಲ್ಲಿ ತೆರೆದರು. ಲಂಡನ್ನಿನ ಬಡವರ ಉದ್ಯಾನದಲ್ಲಿ ಆಗಬೋಟಿನ ಸಂಘ ಹುಟ್ಟಿದ್ದೂ ಅದೇ ವರ್ಷದಲ್ಲಿ.

ವಿಕ್ಟೋರಿಯಾ ಪಾರ್ಕಿನ ಭಾಗ್ಯವೂ ಇದೇ. ಅಲ್ಲಿರುವುದು ಒಂದು ಕೊಳವಲ್ಲ. ಒಂದರಲ್ಲಿ ಬಾಡಿಗೆಯ ದೋಣಿಗಳಲ್ಲಿ ಕುಟುಂಬಗಳು ವಿಹರಿಸಬಹುದು, ಮಂಟಪವನ್ನು ನೋಡಬಹುದು. ಇನ್ನೊಂದರಲ್ಲಿ ಆಟದ ದೋಣಿಗಳು ಸಂಚರಿಸಬಹುದು. ನೀರನ್ನು ಹೀಗೆ ಹಂಚಿದ್ದರಿಂದ ಒಬ್ಬರ ಸುಖ ಇನ್ನೊಬ್ಬರ ದುಃಖವಾಗುವುದಿಲ್ಲ. ಪ್ರತಿ ವರ್ಷವೂ ಈಸ್ಟರ್ ಹಬ್ಬದ ವೇಳೆಗೆ ಮೊದಲಾಗುವ ಭಾನುವಾರದ ಪಂದ್ಯಗಳು ಎರಡು ಮಹಾಯುದ್ಧಗಳನ್ನು ಕಂಡ ಆ ಸಂಘದಲ್ಲಿ ಇಂದಿಗೂ ನಡೆದುಬರುತ್ತಿವೆ.

ಈ ವೃತ್ತಾಂತಗಳಿಂದ ನಾವು ತಿಳಿಯಬೇಕಾದುದು ಒಂದೇ. ಜೀರ್ಣೋದ್ಧಾರವೆಂದರೆ ಕಲ್ಲನ್ನೂ ನೀರನ್ನೂ ಹೊಸತುಮಾಡುವುದಲ್ಲ, ಬಳಕೆಯನ್ನು ಉಳಿಸುವುದು. ಬಳಕೆ ಹೋದ ಮೇಲೆ ಕೊಳ ಎಷ್ಟು ಸುಂದರವಾಗಿದ್ದರೂ ಅದನ್ನು ಕಾಯುವವರಿಲ್ಲ. ಅಂಚಿನ ಒಂದು ಕಲ್ಲು ಸಡಿಲವಾದರೆ ಮೊದಲು ಗಮನಿಸುವವನು ಇಂಜಿನಿಯರಲ್ಲ, ಅದರ ಮೇಲೆ ಪ್ರತಿ ಭಾನುವಾರ ಮೊಣಕಾಲೂರುವವನು. ನೀರಿನ ಬಣ್ಣ ತಿರುಗಿದ್ದನ್ನು ಮೊದಲು ಕಾಣುವವನು ಆರೋಗ್ಯಾಧಿಕಾರಿಯಲ್ಲ, ಅದರಲ್ಲಿ ಕೈಯದ್ದುವವನು. ಹವ್ಯಾಸಿಗಳ ಸಂಘವೆಂದರೆ ಸಂಬಳವಿಲ್ಲದ ಕಾವಲುಗಾರರ ತಂಡ. ಅವರನ್ನು ಕೇಳದೆ ಅಂದಾಜುಪಟ್ಟಿಯನ್ನು ಬರೆಯುವ ಅಧಿಕಾರಿ ತನ್ನ ಕಣ್ಣುಗಳಲ್ಲೊಂದನ್ನು ತಾನೇ ಮುಚ್ಚಿಕೊಂಡಂತೆ. ಕೊಳವನ್ನು ಬರಿದುಮಾಡುವ ತಿಂಗಳನ್ನು ಗೊತ್ತುಮಾಡುವಾಗಲೂ ಅವರ ಮಾತು ಬೇಕು. ಚಳಿಗಾಲದಲ್ಲಿ ಮುಗಿಯಬಹುದಾದ ಕೆಲಸವು ಕ್ರಮತಪ್ಪಿ ಎರಡು ಬೇಸಗೆಗಳನ್ನು ನುಂಗಿತೆಂದರೆ, ಗುತ್ತಿಗೆದಾರನಿಗೆ ಅದು ಲೆಕ್ಕದ ಒಂದು ಸಾಲು; ಎಪ್ಪತ್ತೈದರ ವಯಸ್ಸಿನ ಸದಸ್ಯನಿಗೆ ಅವು ಉಳಿದ ಬೇಸಗೆಗಳಲ್ಲಿ ಎರಡು. ಒಮ್ಮೆ ಚದರಿದ ಸಂಘ ಮತ್ತೆ ಕೂಡುವುದು ದುರ್ಲಭ.

ಕೇಳದೆ ಹೋದರೆ ಆಗುವುದೇನೆಂಬುದಕ್ಕೆ ಬೆಂಗಳೂರಿನವರು ದೂರ ಹೋಗಬೇಕಾಗಿಲ್ಲ. ಸಂಪಂಗಿ ಕೆರೆಯ ಇತಿಹಾಸವನ್ನು ಬಲ್ಲವರಿಗೆ ಅದು ಗೊತ್ತು. ಅದರ ನೀರನ್ನು ನಂಬಿ ತೋಟಮಾಡುತ್ತಿದ್ದವರು ಕೆರೆ ತುಂಬಿರಲೆಂದು ಅರ್ಜಿಗಳನ್ನು ಬರೆದರು. ಒಣಗಿದ ಅಂಗಳದಲ್ಲಿ ಕುದುರೆಯೇರಿ ಪೋಲೋ ಆಡುವ ದೊರೆಗಳಿಗೆ ಕೆರೆ ಒಣಗಿರುವುದೇ ಬೇಕಾಗಿತ್ತು. ತೋಟದವರ ಮಾತು ನಡೆಯಲಿಲ್ಲ. ನೀರಿದ್ದ ಎಡೆಯಲ್ಲಿ ಇಂದು ಕಂಠೀರವ ಕ್ರೀಡಾಂಗಣವಿದೆ. ಕರಗದ ವಿಧಿಗಳಿಗಾಗಿ ಉಳಿದಿರುವ ಒಂದು ಸಣ್ಣ ಕುಂಟೆಯು ಮಾತ್ರ ಹಿಂದೆ ಅಲ್ಲಿ ಕೆರೆಯಿತ್ತೆಂಬುದನ್ನು ಸಾರುತ್ತಿದೆ. ಅದೂ ಉಳಿದದ್ದು ಬಳಕೆಯ ಬಲದಿಂದಲೇ. ವರ್ಷಕ್ಕೊಮ್ಮೆಯಾದರೂ ಅದನ್ನು ತಮ್ಮದೆಂದು ಹೇಳುವವರು ಇರುವುದರಿಂದ. ಅಲ್ಲಿ ಸೋತದ್ದು ಹೊಟ್ಟೆಪಾಡಿನ ಬಳಕೆ, ಲಂಡನ್ನಿನಲ್ಲಿ ಗೆದ್ದದ್ದು ಆಟದ ಬಳಕೆ. ಎರಡಕ್ಕೂ ಅನ್ವಯಿಸುವ ನಿಯಮ ಒಂದೇ.

ಆದುದರಿಂದ ಯಾವ ಊರಿನಲ್ಲಿಯಾಗಲಿ ಕೊಳವೊಂದರ ಜೀರ್ಣೋದ್ಧಾರಕ್ಕೆ ಕೈಹಾಕುವ ಅಧಿಕಾರಿಗಳು, ಹೂಳಿನ ಘನ ಅಡಿಗಳನ್ನು ಲೆಕ್ಕಹಾಕುವ ಮೊದಲು, ಒಂದು ಭಾನುವಾರ ಬೆಳಗ್ಗೆ ಆ ದಡದ ಮೇಲೆ ಹೋಗಿ ಸುಮ್ಮನೆ ನಿಂತು ಯಾರು ಯಾರು ಬರುತ್ತಾರೆ, ಎಲ್ಲಿ ಕೂರುತ್ತಾರೆ, ಏನು ಮಾಡುತ್ತಾರೆಂಬುದನ್ನು ಬರೆದುಕೊಳ್ಳಲಿ. ಅಂದಾಜುಪಟ್ಟಿಯ ಮೊದಲ ಪುಟ ಅದಾಗಿರಲಿ. ಪೂರ್ವ ಲಂಡನ್ನಿನ ಮೂವತ್ತು ಸಾವಿರ ಮಂದಿ ಕೇಳಿದ್ದು ಗಾಳಿ, ನೆಲ, ನೀರು. ಅವರ ಮೊಮ್ಮಕ್ಕಳ ಕಾಲದಲ್ಲಿ ಆ ನೀರಿನ ಮೇಲೆ ಹಡಗು ತೇಲುವುದೆಂದು ಅವರು ಕನಸುಕಂಡಿರಲಾರರು. ಆದರೆ ಕಾದಿಟ್ಟ ನೀರಿನಲ್ಲಿ ಮುಂದಿನ ಪೀಳಿಗೆಯವರು ಏನನ್ನಾದರೂ ತೇಲಿಸಿಯೇ ತೇಲಿಸುತ್ತಾರೆ. ಮುಚ್ಚಿದ ನೀರಿನಲ್ಲಿ ಕಾಗದದ ದೋಣಿಯೂ ತೇಲದು.